ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು

ಸ್ಟೇಷನ್ ರಸ್ತೆಯಲ್ಲಿ ನಡೆದು ಪಾಠಶಾಲೆಗೆ ಬಂದ ನಮ್ಮ ವಿದ್ಯಾರ್ಥಿನಿಯರೆಲ್ಲರಿಗೂ ಈ ಊರಿನ ಕರಿಕಲ್ಲು ಚಿರಪರಿಚಿತವಾದುದು. ಗೋಲಗುಮ್ಮಟವನ್ನು ಎತ್ತಿ ನಿಲ್ಲಿಸಿರುವುದೂ ಆ ಕಲ್ಲೇ. ಟಗರಿನ ಕೊಂಬಿನಂತೆ ಸುರುಳಿಸುತ್ತಿದ ಅಮೊನೈಟೆಂಬ ಸಮುದ್ರಜೀವಿಯ ಚಿತ್ರವನ್ನು ಪುಸ್ತಕದಲ್ಲಿ ಕಂಡ ಹುಡುಗಿಯರು, ಅಂಥದು ನಮ್ಮ ಕಲ್ಲಿನಲ್ಲಿಯೂ ಸಿಕ್ಕೀತೇ ಎಂದು ಕೇಳುವುದು ಸಹಜವು. ನಮ್ಮ ಪ್ರಾಂತದ ಅನೇಕ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ, ಗಂಡಕೀ ನದಿಯಿಂದ ಬಂದ ಸಾಲಿಗ್ರಾಮಗಳಲ್ಲಿ ಹಲವು ಜುರಾಸಿಕ್ ಕಾಲದ ಅಮೊನೈಟುಗಳೇ ಆಗಿರುವುದರಿಂದ ಈ ಪ್ರಶ್ನೆಯು ನಮಗೆ ದೂರದ್ದೂ ಅಲ್ಲ. ಇದಕ್ಕೆ ಉತ್ತರವನ್ನು ಕೊಡಬಲ್ಲಂತೆ ಈ ನೆಲವನ್ನು ಶೋಧಿಸಿ ಬರೆದಿಟ್ಟ ಒಬ್ಬ ಮಹನೀಯರ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ರಾಬರ್ಟ್ ಬ್ರೂಸ್ ಫೂಟ್ ಸಾಹೇಬರು ೧೮೩೪ನೆಯ ಇಸವಿಯ ಸೆಪ್ಟೆಂಬರ್ ೨೨ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಎಂಬ ಊರಿನಲ್ಲಿ ಜನಿಸಿದರು. ೧೮೫೮ರಲ್ಲಿ ಭಾರತದ ಭೂಗರ್ಭ ಸರ್ವೇಕ್ಷಣ ಇಲಾಖೆಯನ್ನು ಸೇರಿ ಮದ್ರಾಸ್ ಪ್ರಾಂತಕ್ಕೆ ಬಂದರು. ಮಿಷನರಿಯೂ ತಮಿಳು ವಿದ್ವಾಂಸರೂ ಆಗಿದ್ದ ಪೀಟರ್ ಪರ್ಸಿವಲ್ ಪಾದ್ರಿಗಳ ಪುತ್ರಿಯಾದ ಎಲಿಜಬೆತ್ ಅವರನ್ನು ವಿವಾಹವಾದರು.

ಮದ್ರಾಸಿನ ಸಮೀಪದ ಶ್ರೀಪೆರುಂಬುದೂರಿನ ಸುತ್ತಲಿನ ಶಿಲಾಪದರುಗಳನ್ನು ಪರಿಶೀಲಿಸಿ ಅವುಗಳಿಗೆ ಆ ಊರಿನ ಹೆಸರನ್ನೇ ಇಟ್ಟವರು ಇವರು. ಆ ಪದರುಗಳಲ್ಲಿ ನೆಲದ ಗಿಡಗಳ ಎಲೆಯಚ್ಚುಗಳೂ ಕಡಲಿನ ಚಿಪ್ಪುಗಳೂ ಒಟ್ಟಿಗೆ ದೊರೆಯುತ್ತವೆ. ಅವುಗಳಲ್ಲಿ ಅಮೊನೈಟುಗಳೂ ಉಂಟು. ಆ ಕಾಲದ ವಿದ್ವಾಂಸರು ಇವನ್ನು ಜುರಾಸಿಕ್ ಕಾಲದವೆಂದು ಎಣಿಸಿದ್ದರು. ಈಗ ಅದರ ಮುಂದಿನ ಕ್ರಿಟೇಷಿಯಸ್ ಕಾಲದ ಆದಿಭಾಗಕ್ಕೆ ಸೇರಿಸುವರು. ಇದೇ ಸೀಮೆಯ ಪಲ್ಲಾವರದಲ್ಲಿ ೧೮೬೩ನೆಯ ಮೇ ೩೦ರಂದು ಫೂಟ್ ಸಾಹೇಬರಿಗೆ ಮನುಷ್ಯನ ಕೈ ಕೆತ್ತಿದ ಕಲ್ಲಿನ ಆಯುಧವೊಂದು ಸಿಕ್ಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ವಿಲಿಯಂ ಕಿಂಗ್ ಎಂಬ ಸಹೋದ್ಯೋಗಿಯೊಡನೆ ಅತ್ತಿರಂಪಾಕ್ಕಮ್ ಎಂಬಲ್ಲಿ ಅಂಥ ಆಯುಧಗಳನ್ನು ಮತ್ತೆ ಕಂಡರು. ಭರತಖಂಡದಲ್ಲಿ ಅಷ್ಟು ಪುರಾತನ ಮನುಷ್ಯರು ಬಾಳಿದ್ದರೆಂಬುದು ಜಗತ್ತಿಗೆ ತಿಳಿದುದು ಹೀಗೆ.

ಅನಂತರ ಅವರು ನಮ್ಮ ಕಡೆಗೆ ಬಂದರು. ಬೆಳಗಾವಿ, ಕಲಾದಗಿ ಮುಂತಾದ ಜಿಲ್ಲೆಗಳ ಭೂಲಕ್ಷಣಗಳನ್ನು ವರ್ಣಿಸುವ ಅವರ ದೊಡ್ಡ ಗ್ರಂಥವು ೧೮೭೬ರಲ್ಲಿ ಹೊರಬಂದಿತು. ಆಗ ನಮ್ಮ ಜಿಲ್ಲೆಗೆ ಕಲಾದಗಿಯೆಂದೇ ಹೆಸರು; ಈ ಊರಿಗೆ ರೈಲು ಇನ್ನೂ ಬಂದಿರಲಿಲ್ಲ. ಗೋಕಾಕದ ಹತ್ತಿರದ ಚಿಕ್ಕದೌಲಿಯಲ್ಲಿ ದೊರೆತ ಪ್ರಾಚೀನ ಖಡ್ಗಮೃಗದ ಎಲುಬುಗಳನ್ನು ಅವರು ೧೮೭೪ರಲ್ಲಿ ವರ್ಣಿಸಿ ಪ್ರಕಟಿಸಿದರು. ಮಲಪ್ರಭೆಯ ದಂಡೆಯಲ್ಲಿಯೂ ಶಿಲಾಯುಧಗಳನ್ನು ಆರಿಸಿದರು.

ಆದರೆ ಅಮೊನೈಟುಗಳ ವಿಷಯವೇನು? ದಕ್ಷಿಣದ ಕಡೆ ಬಾಗಲಕೋಟೆ, ಬಾದಾಮಿಗಳಲ್ಲಿ ಕಾಣುವ ಶಿಲೆಗಳಿಗೆ ಕಲಾದಗಿ ಶ್ರೇಣಿಯೆಂದು ಹೆಸರಿಟ್ಟವರು ಫೂಟ್ ಸಾಹೇಬರೇ. ಅವು ಸುಮಾರು ನೂರು ಕೋಟಿ ವರ್ಷಗಳಷ್ಟು, ಕೆಲವು ಅದಕ್ಕೂ ಹೆಚ್ಚು, ಹಳೆಯವು. ಚಿಪ್ಪುಳ್ಳ ಪ್ರಾಣಿಗಳು ಹುಟ್ಟುವುದಕ್ಕೆ ಮುಂಚಿನವು. ನಮ್ಮ ಊರಿನ ಕರಿಕಲ್ಲಾದರೋ ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಬೆಂಕಿಯ ರಸವು. ಜುರಾಸಿಕ್ ಕಾಲವು ಸುಮಾರು ೨೦ ಕೋಟಿ ವರ್ಷಗಳ ಹಿಂದೆ ಮೊದಲಾಗಿ ೧೪.೫ ಕೋಟಿ ವರ್ಷಗಳ ಹಿಂದೆ ಮುಗಿಯಿತು. ಆ ಕಾಲದ ಕಡಲಿನ ಕೆಸರು ಇಲ್ಲಿ ಪದರುಗಟ್ಟಿಲ್ಲ. ಬೆಂಕಿಯ ಕಲ್ಲು ನೇರವಾಗಿ ಬಹಳ ಹಳೆಯ ಶಿಲೆಗಳ ಮೇಲೆ ಕುಳಿತಿದೆ. ಆದಕಾರಣ ನಮ್ಮ ಹೊಲಗಳಲ್ಲಿ ಅಮೊನೈಟನ್ನು ಹುಡುಕುವುದು ವ್ಯರ್ಥವು. ಅದಕ್ಕೆ ಕಚ್ಛ ದೇಶಕ್ಕೋ ಹಿಮಾಲಯಕ್ಕೋ ಹೋಗಬೇಕು. ಯಾವ ಶಿಲೆಯು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂದು ನಕ್ಷೆಯಲ್ಲಿ ಗುರುತಿಸಿದವರ ಶ್ರಮದಿಂದಲೇ ಇಂದು ಇಷ್ಟನ್ನು ಧೈರ್ಯವಾಗಿ ಹೇಳಲು ಸಾಧ್ಯವಾಗಿದೆ. ಇಲ್ಲವೆಂಬುದನ್ನು ಸರಿಯಾಗಿ ಅರಿಯುವುದೂ ವಿದ್ಯೆಯೇ ಸರಿ.

ಸಾಹೇಬರು ೧೮೯೧ರಲ್ಲಿ ಇಲಾಖೆಯಿಂದ ನಿವೃತ್ತರಾಗಿ ಬರೋಡೆಯ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿ, ೧೮೯೪ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಭೂಗರ್ಭ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದರು. ಕೊನೆಗೆ ಸೇಲಂ ಜಿಲ್ಲೆಯ ಏರ್ಕಾಡು ಬೆಟ್ಟದ ಮೇಲೆ ನೆಲಸಿದರು. ಅವರ ಪ್ರಾಚೀನ ವಸ್ತುಗಳ ಸಂಗ್ರಹವನ್ನು ೧೯೦೪ರಲ್ಲಿ ಮದ್ರಾಸಿನ ವಸ್ತುಸಂಗ್ರಹಾಲಯವು ಕೊಂಡುಕೊಂಡಿತು. ೧೯೧೨ನೆಯ ಡಿಸೆಂಬರ್ ೨೯ರಂದು ಕಲ್ಕತ್ತೆಯಲ್ಲಿ ಅವರು ದೈವಾಧೀನರಾದರು. ಸಂಗ್ರಹದ ವಿವರವಾದ ಪಟ್ಟಿಯು ೧೯೧೪ರಲ್ಲಿಯೂ, ವಸ್ತುಗಳ ಕಾಲ ಮತ್ತು ಸ್ಥಳಗಳ ಟಿಪ್ಪಣಿಯು ೧೯೧೬ರಲ್ಲಿಯೂ, ಅವರು ತೀರಿಹೋದ ಮೇಲೆ ಅಚ್ಚಾದವು.

ಸಾಹೇಬರ ನಿಜವಾದ ದೊಡ್ಡತನವು ಆ ಪಟ್ಟಿಯಲ್ಲಿದೆ ಎಂದು ನಾವು ತಿಳಿಯುವೆವು. ಅಂದವಾದ ಕಲ್ಲನ್ನು ಯಾರಾದರೂ ಹೆಕ್ಕಿಯಾರು. ಅದು ಯಾವ ಊರಿನಲ್ಲಿ, ಯಾವ ಹಳ್ಳದ ದಂಡೆಯಲ್ಲಿ ಸಿಕ್ಕಿತೆಂದು ಬರೆದಿಡುವವರು ವಿರಳ. ಠಾವು ತಿಳಿಯದ ಕಲ್ಲು ಮೂಕವಾದುದು. ಅವರು ಠಾವನ್ನು ಬರೆದಿಟ್ಟುದರಿಂದಲೇ ನಮ್ಮ ಕಾಲದ ಪಂಡಿತರು ಅದೇ ಅತ್ತಿರಂಪಾಕ್ಕಮ್ಮಿಗೆ ಹೋಗಿ ನೆಲವನ್ನು ಅಗೆದು, ಅಲ್ಲಿಯ ಆಯುಧಗಳು ಸುಮಾರು ೧೫ ಲಕ್ಷ ವರ್ಷಗಳಷ್ಟು ಹಳೆಯವೆಂದು ೨೦೧೧ರಲ್ಲಿ ಪ್ರಕಟಿಸಲು ದಾರಿಯಾಯಿತು.

ಪಾಲಕರೇ, ನಿಮ್ಮ ಮಗಳು ಪ್ರವಾಸದಿಂದ ಒಂದು ಕಲ್ಲನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದರೆ, ಕಸವೆಂದು ಅಂಗಳಕ್ಕೆ ಎಸೆಯದೆ, ಒಂದು ಚೀಟಿಯ ಮೇಲೆ ಊರನ್ನೂ ತಾರೀಖನ್ನೂ ಅವಳ ಕೈಯಿಂದಲೇ ಬರೆಸಿರಿ. ಈ ಪಾಠಶಾಲೆಯಲ್ಲಿ ಕಲಿತು ಈಗ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವ ಸಹೋದರಿಯರಿಗೂ ನಮ್ಮ ಅರಿಕೆಯು ಇದೇ. ಕಂಡುದನ್ನು ಕಂಡಂತೆ ಬರೆಯುವ ಅಭ್ಯಾಸವು ಕಲ್ಲಿನಿಂದ ಮೊದಲಾದರೂ ಕಲ್ಲಿನಲ್ಲಿಯೇ ನಿಲ್ಲುವುದಿಲ್ಲ.