ಏವರಿ ಮೇಷ್ಟ್ರು ಮತ್ತು ಅಜ್ಜನ ಸಿಆರ್‌ಪಿ ರಿಪೋರ್ಟು

ಹೋದ ರಜೆಯಲ್ಲಿ ಹೊಳಲಿಗೆ ಹೋದಾಗ ಅಜ್ಜನಿಗೆ ನ್ಯುಮೋನಿಯಾ. ಹಡಗಲಿಯ ಲ್ಯಾಬಿನ ರಿಪೋರ್ಟಲ್ಲಿ ಸಿಆರ್‌ಪಿ 4.8 ಅಂತ ಇತ್ತು. ಔಷಧಿ ಶುರುವಾಗಿ ಎರಡು ದಿನಕ್ಕೆ ಹಾವೇರಿಯಲ್ಲಿ ಇನ್ನೊಮ್ಮೆ ಮಾಡಿಸಿದರೆ 38! ಎಂಟು ಪಟ್ಟು ಏರಿದೆ ಅಂತ ಅವ್ವ ಅಳೋಕೆ ಶುರು ಮಾಡಿದ್ರು. ಇಂಜಿನಿಯರಿಂಗ್ ಓದ್ತೀರಲ್ಲ, ಹೇಳ್ರಪ್ಪ ಅಂತ ಎಲ್ಲರೂ ನಮ್ಮ ಮುಖ ನೋಡಿದರು. ನಮಗೂ ಏನೂ ಗೊತ್ತಾಗ್ಲಿಲ್ಲ. ರಾತ್ರಿಯೆಲ್ಲಾ ಹುಡುಕುತ್ತಾ ಕೂತಾಗ ಸಿಕ್ಕವರು ಆಸ್ವಾಲ್ಡ್ ಏವರಿ. ಪಿಯುಸಿಯಲ್ಲಿ ಬಯಾಲಜಿ ತಗೊಂಡವರಿಗೆ ಡಿಎನ್‌ಎ ಪಾಠದಲ್ಲಿ ಈ ಹೆಸರು ಬಂದಿರುತ್ತೆ. ಸಿಆರ್‌ಪಿಯ ಮೂಲವೂ ಅವರದೇ ಲ್ಯಾಬು ಅನ್ನೋದು ನಮಗೆ ಅವತ್ತೇ ತಿಳಿದಿದ್ದು.

ಏವರಿ ಹುಟ್ಟಿದ್ದು 1877ರಲ್ಲಿ, ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ. ತಂದೆ ಪಾದ್ರಿ. ಹತ್ತು ವರ್ಷದ ಹುಡುಗನಾಗಿದ್ದಾಗ ಕುಟುಂಬ ನ್ಯೂಯಾರ್ಕಿಗೆ ಬಂತು. ಅಲ್ಲಿ ತಂದೆಯ ಚರ್ಚಿಗೆ ಜನ ಸೇರಿಸೋಕೆ ಅಣ್ಣ ತಮ್ಮ ಕಾರ್ನೆಟ್ ಊದುತ್ತಿದ್ದರಂತೆ. 1892ರಲ್ಲಿ ಒಂದೇ ವರ್ಷ ಅಣ್ಣನೂ ತಂದೆಯೂ ತೀರಿಹೋದರು. 1904ರಲ್ಲಿ ಡಾಕ್ಟರಾದರು. ಆದರೆ ವಾಸಿ ಮಾಡೋಕೆ ಆಗದ ರೋಗಿಗಳನ್ನು ನೋಡ್ತಾ ಕೂರೋದು ಅವರಿಗೆ ಒಗ್ಗಲಿಲ್ಲ. 1913ರಲ್ಲಿ ರಾಕ್‌ಫೆಲರ್ ಇನ್‌ಸ್ಟಿಟ್ಯೂಟಿನ ಆಸ್ಪತ್ರೆ ಸೇರಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಕ್ರಿಮಿಯ ಬೆನ್ನು ಹತ್ತಿದರು: ನ್ಯುಮೋನಿಯಾ ತರುವ ನ್ಯೂಮೊಕಾಕಸ್. ಆಗಿನ್ನೂ ಪೆನಿಸಿಲಿನ್ ಇಲ್ಲ. ಮದುವೆ ಆಗಲಿಲ್ಲ, ಊರೂರು ತಿರುಗಲಿಲ್ಲ. ಜೊತೆಯವರು ಪ್ರೊಫೆಸರ್ ಅನ್ನೋದನ್ನ ಚಿಕ್ಕದು ಮಾಡಿ ಫೆಸ್ ಅಂತ ಕರೀತಿದ್ರು.

1930ರಲ್ಲಿ ಅವರ ಲ್ಯಾಬಿನ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್, ಈ ಕ್ರಿಮಿಯಿಂದ ಬೇರ್ಪಡಿಸಿದ ಒಂದು ಸಕ್ಕರೆಯಂಥ ವಸ್ತುವನ್ನು ರೋಗಿಗಳ ಸೀರಮ್ಮಿಗೆ ಬೆರೆಸಿದರು. ಅದಕ್ಕೆ ಇಟ್ಟ ಹೆಸರು ಫ್ರಾಕ್ಷನ್ ಸಿ. ಸಿಆರ್‌ಪಿಯ ‘ಸಿ’ ಅಂದ್ರೆ ಇಷ್ಟೇ, ವಿಟಮಿನ್ ಸಿಗೂ ಅದಕ್ಕೂ ಸಂಬಂಧವಿಲ್ಲ. ಜ್ವರ ಜೋರಾಗಿದ್ದವರ ಸೀರಮ್ಮು ಮಬ್ಬಾಗಿ ಗಸಿ ಕಟ್ಟಿತು. ಗುಣವಾದವರದ್ದು ತಿಳಿಯಾಗೇ ಉಳೀತು. ಇದು ಆಂಟಿಬಾಡಿ ಆಗಿದ್ದರೆ ಉಲ್ಟಾ ಇರಬೇಕಿತ್ತು, ಯಾಕಂದ್ರೆ ಆಂಟಿಬಾಡಿ ನಿಧಾನವಾಗಿ ಹುಟ್ಟಿ ಗುಣವಾದ ಮೇಲೂ ಉಳಿಯುತ್ತೆ. ಸಾಲದ್ದಕ್ಕೆ ನ್ಯೂಮೊಕಾಕಸ್ಸೇ ಇಲ್ಲದ ಬೇರೆ ಕಾಯಿಲೆಗಳಲ್ಲೂ ಗಸಿ ಬಂತು. ಅಂದರೆ ಯಾವ ಕ್ರಿಮಿ, ಎಲ್ಲಿದೆ ಅಂತ ಇದು ಹೇಳಲ್ಲ. ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅಂತಷ್ಟೇ ಹೇಳುತ್ತೆ. 1941ರಲ್ಲಿ ಏವರಿ, ಅಬರ್‌ನೆಥಿ ಮತ್ತು ಮೆಕ್ಲಿಯಾಡ್ ಇದೊಂದು ಪ್ರೋಟೀನ್ ಅಂತ ತೋರಿಸಿದರು.

ಅದು ತಯಾರಾಗೋದು ಲಿವರಿನಲ್ಲಿ ಅಂತ ಮುಂದೆ ಗೊತ್ತಾಯ್ತು. ಸೋಂಕು ತಗುಲಿದ ಆರೆಂಟು ಗಂಟೆಗೆ ಏರೋಕೆ ಶುರು, ಸುಮಾರು ಎರಡು ದಿನಕ್ಕೆ ತುದಿ. ಕಾರಣ ಹೋದ ಮೇಲೆ ಹೆಚ್ಚುಕಮ್ಮಿ 19 ಗಂಟೆಗೊಮ್ಮೆ ಅರ್ಧ ಆಗ್ತಾ ಇಳಿಯುತ್ತೆ. ನಾವು ಲ್ಯಾಬಲ್ಲಿ ಗ್ರಾಫ್ ಹಾಕ್ತೀವಲ್ಲ, ಕೆಪಾಸಿಟರ್ ಡಿಸ್ಚಾರ್ಜು, ಹಾಗೇ. ಅದಕ್ಕೇ ಡಾಕ್ಟರು ಒಂದು ರೀಡಿಂಗ್ ನೋಡಿ ಬಿಡದೆ ಮತ್ತೆ ಮಾಡಿಸಿ ಅನ್ನೋದು.

ಏವರಿ ಅಷ್ಟಕ್ಕೇ ನಿಲ್ಲಲಿಲ್ಲ. 1944ರಲ್ಲಿ, ಮೆಕ್ಲಿಯಾಡ್ ಮತ್ತು ಮೆಕಾರ್ಟಿ ಜೊತೆ, ಅದೇ ನ್ಯೂಮೊಕಾಕಸ್ ಇಟ್ಟುಕೊಂಡು ವಂಶವಾಹಿ ಗುಣ ಸಾಗಿಸೋದು ಡಿಎನ್‌ಎ ಅಂತ ತೋರಿಸಿದರು. ಆಗ ಅವರಿಗೆ ಅರವತ್ತಾರು. ನೊಬೆಲ್ ಮಾತ್ರ ಬರಲೇ ಇಲ್ಲ, ನಮಗಂತೂ ಇದು ಅನ್ಯಾಯ ಅನ್ಸುತ್ತೆ. 1947ರಲ್ಲಿ ಮೆಕಾರ್ಟಿ ಸಿಆರ್‌ಪಿಯನ್ನು ಹರಳು ರೂಪದಲ್ಲಿ ಪಡೆದರು. ಏವರಿ 1948ರಲ್ಲಿ ನ್ಯಾಶ್‌ವಿಲ್‌ಗೆ, ತಮ್ಮನ ಊರಿಗೆ ಹೋಗಿ, 1955ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು.

ಇಷ್ಟು ಓದೋ ಹೊತ್ತಿಗೆ ಬೆಳಗಿನ ಜಾವ. ಎರಡೂ ರಿಪೋರ್ಟು ಮತ್ತೆ ಪಕ್ಕಪಕ್ಕ ಇಟ್ಟು ನೋಡಿದೆವು. ಹಡಗಲಿಯ 4.8ರ ಮುಂದೆ ಸಣ್ಣ ಅಕ್ಷರದಲ್ಲಿ ಇದ್ದದ್ದು ಡೆಸಿಲೀಟರಿಗೆ ಮಿಲಿಗ್ರಾಂ. ಹಾವೇರಿಯದ್ದು ಲೀಟರಿಗೆ ಮಿಲಿಗ್ರಾಂ. ಮೊದಲಿನದನ್ನ ಹತ್ತರಿಂದ ಗುಣಿಸಿದರೆ 48. ಅಂದರೆ ಏರಿಲ್ಲ, 48ರಿಂದ 38ಕ್ಕೆ ಇಳಿದಿದೆ! ಯೂನಿಟ್ ಬರೆಯದಿದ್ರೆ ಇಂಟರ್ನಲ್ಸಲ್ಲಿ ಮಾರ್ಕ್ಸ್ ಕಳೆದುಕೊಳ್ಳೋ ನಾವೇ ಅದನ್ನ ನೋಡಿರಲಿಲ್ಲ. ಬೆಳಗ್ಗೆ ಡಾಕ್ಟರಿಗೆ ತೋರಿಸಿದಾಗ ಅವರೂ ಇಳಿದಿದೆ ಅಂದರು, ಔಷಧಿ ಮಾತ್ರ ಪೂರ್ತಿ ಮುಗಿಸಬೇಕು ಅಂತ ತಾಕೀತು ಮಾಡಿದರು. ಅಜ್ಜ ಅಷ್ಟರಲ್ಲಿ ಎದ್ದು ಕೂತು ರೊಟ್ಟಿ ಕೇಳ್ತಿದ್ದ.