ಹಳದಿ ಪುಸ್ತಕದ ಹಿಂದಿನ ಗಿಡ್ಡ ಬೌಲರ್

ವಿಸ್ಡನ್ ಎಂದರೆ ಇಂದು ಒಂದು ಪುಸ್ತಕದ ಹೆಸರು. ಪ್ರತಿ ವಸಂತದಲ್ಲಿ, ಇಂಗ್ಲೆಂಡಿನ ಕ್ರಿಕೆಟ್ ಋತು ಆರಂಭವಾಗುವ ಹೊತ್ತಿಗೆ ಹೊರಬರುವ, ಇಟ್ಟಿಗೆಯಷ್ಟು ದಪ್ಪನೆಯ ಆ ಹಳದಿ ಹೊದಿಕೆಯ ಗ್ರಂಥವನ್ನು ಬಲ್ಲ ಅನೇಕರಿಗೆ ಅದು ಒಬ್ಬ ಮನುಷ್ಯನ ಹೆಸರೂ ಹೌದೆಂಬುದು ನೆನಪಿರುವುದಿಲ್ಲ. ಆ ಮನುಷ್ಯ ತನ್ನ ಕಾಲದ ಶ್ರೇಷ್ಠ ಬೌಲರುಗಳಲ್ಲಿ ಒಬ್ಬನಾಗಿದ್ದ ಎಂಬುದಂತೂ ಇನ್ನೂ ಕಡಿಮೆ ಜನರಿಗೆ ಗೊತ್ತು.

ಜಾನ್ ವಿಸ್ಡನ್ ಹುಟ್ಟಿದ್ದು 1826ರ ಸೆಪ್ಟೆಂಬರ್ 5ರಂದು, ಸಸೆಕ್ಸ್‌ನ ಕಡಲತೀರದ ಊರಾದ ಬ್ರೈಟನ್ನಿನಲ್ಲಿ. ತಂದೆ ಕಟ್ಟಡ ಕೆಲಸದವನು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಆಶ್ರಯವಿತ್ತವನು ಸಸೆಕ್ಸ್ ತಂಡದ ಪ್ರಸಿದ್ಧ ವಿಕೆಟ್‌ಕೀಪರ್ ಟಾಮ್ ಬಾಕ್ಸ್. ಹೀಗೆ ಆಟ ಮನೆಯಲ್ಲೇ ದೊರೆಯಿತು. 1845ರಲ್ಲಿ, ಇನ್ನೂ ಹದಿನೆಂಟರ ಪ್ರಾಯದಲ್ಲಿ, ವಿಸ್ಡನ್ ಸಸೆಕ್ಸ್ ಪರ ಕಣಕ್ಕಿಳಿದ. ಎತ್ತರ ಐದು ಅಡಿ ನಾಲ್ಕು ಅಂಗುಲದ ಆಸುಪಾಸು, ಮೈಯಲ್ಲಿ ಮಾಂಸವೂ ಅಷ್ಟಕ್ಕಷ್ಟೆ. ಇಂಥ ಆಳು ವೇಗದ ಬೌಲಿಂಗ್ ಮಾಡುತ್ತಾನೆಂದರೆ ನೋಡಿದವರಿಗೆ ನಂಬಿಕೆ ಬರುತ್ತಿರಲಿಲ್ಲ. 1840ರ ಡರ್ಬಿ ಗೆದ್ದ ಲಿಟಲ್ ವಂಡರ್ ಎಂಬ ಕುದುರೆಯ ಹೆಸರು ಕ್ರಮೇಣ ಈತನಿಗೇ ಅಂಟಿಕೊಂಡಿತು.

ಆಗಿನ ವೃತ್ತಿಪರ ಕ್ರಿಕೆಟಿಗನ ಬದುಕು ಸುಖದ್ದೇನಲ್ಲ. ಸಂಭಾವಿತರ ಮೈದಾನದಲ್ಲಿ ಆತ ಕೂಲಿಯ ಆಳು. ತೋಳಿನಲ್ಲಿ ಕಸುವಿರುವಷ್ಟು ದಿನ ಅನ್ನ, ಅನಂತರ ದೇವರೇ ಗತಿ. ವಿಸ್ಡನ್ ಇದನ್ನು ಬೇಗನೆ ಅರಿತಿದ್ದನೆಂದು ಕಾಣುತ್ತದೆ. ಇಪ್ಪತ್ತಮೂರನೆಯ ವಯಸ್ಸಿಗೇ ನಾಟಿಂಗ್‌ಹ್ಯಾಮ್‌ಷೈರಿನ ಖ್ಯಾತ ಬ್ಯಾಟ್ಸ್‌ಮನ್ ಜಾರ್ಜ್ ಪಾರ್ ಜೊತೆಗೂಡಿ ಲೆಮಿಂಗ್ಟನ್ ಪಟ್ಟಣದಲ್ಲಿ ಸ್ವಂತ ಮೈದಾನವೊಂದನ್ನು ನಡೆಸತೊಡಗಿದ್ದ, ಕ್ರಿಕೆಟ್ ಸಾಮಗ್ರಿಗಳ ವ್ಯಾಪಾರಕ್ಕೂ ಕೈ ಹಾಕಿದ್ದ. ಪಾರ್‌ನ ಸೋದರಿಯೊಡನೆ ವಿವಾಹವೂ ನಿಶ್ಚಯವಾಗಿತ್ತು. ಆದರೆ ಮದುವೆಗೆ ಮುನ್ನವೇ ಆಕೆ ತೀರಿಕೊಂಡಳು. ವಿಸ್ಡನ್ ಕೊನೆಯವರೆಗೂ ಅವಿವಾಹಿತನಾಗಿಯೇ ಉಳಿದ.

ಲೆಮಿಂಗ್ಟನ್ನಿನ ನಂಟಿನಿಂದಾಗಿಯೇ ಒಂದು ವಿಚಿತ್ರ ಸಂಭವಿಸಿತು. 1850ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ನಡೆದ ಉತ್ತರ-ದಕ್ಷಿಣ ಪಂದ್ಯದಲ್ಲಿ, ದಕ್ಷಿಣದ ಕಡಲ ಮಗನಾದ ಈತ ಉತ್ತರದವರ ಪರ ಆಡಿದ. ದಕ್ಷಿಣದ ಎರಡನೆಯ ಇನಿಂಗ್ಸ್‌ನಲ್ಲಿ ಹತ್ತಕ್ಕೆ ಹತ್ತು ವಿಕೆಟ್‌ಗಳೂ ಈತನ ಪಾಲಾದವು. ಒಂದೂ ಕ್ಯಾಚ್ ಇಲ್ಲ, ಒಂದೂ ಎಲ್‌ಬಿಡಬ್ಲ್ಯು ಇಲ್ಲ. ಹತ್ತೂ ಮಂದಿ ಬೌಲ್ಡ್! ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಇನ್ನಾರಿಗೂ ಇದು ಸಾಧ್ಯವಾಗಿಲ್ಲ. 1999ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಎದುರು ನಮ್ಮ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತು ವಿಕೆಟ್ ಪಡೆದಾಗಲೂ ಕ್ಯಾಚ್ ಹಿಡಿದ ಕೈಗಳ, ಬೆರಳೆತ್ತಿದ ಅಂಪೈರನ ನೆರವು ಇದ್ದೇ ಇತ್ತು.

1852ರಲ್ಲಿ ಜೆಮ್ಮಿ ಡೀನ್ ಜೊತೆ ಸೇರಿ ಯುನೈಟೆಡ್ ಆಲ್ ಇಂಗ್ಲೆಂಡ್ ಇಲೆವೆನ್ ಎಂಬ ಸಂಚಾರಿ ತಂಡ ಕಟ್ಟಿದ್ದು, ಊರೂರು ಸುತ್ತಿ ಇಪ್ಪತ್ತೆರಡು ಜನರ ತಂಡಗಳೆದುರು ಆಡಿದ್ದು, ಎಲ್ಲವೂ ಹೊಟ್ಟೆಪಾಡಿನ ದಾರಿಗಳೇ. 1859ರಲ್ಲಿ ಪಾರ್ ನಾಯಕತ್ವದಲ್ಲಿ ಹನ್ನೆರಡು ಮಂದಿ ಉತ್ತರ ಅಮೆರಿಕಕ್ಕೆ ಹಡಗೇರಿದರು. ಅದು ಇಂಗ್ಲೆಂಡ್ ತಂಡದ ಮೊದಲ ಸಾಗರೋತ್ತರ ಪ್ರವಾಸ. ಬಿರುಗಾಳಿಗೆ ಸಿಕ್ಕು ಎಲ್ಲರೂ ಕಂಗಾಲಾಗಿದ್ದಾಗ, ಈ ಪಿಚ್ಚಿಗೆ ಭಾರದ ರೋಲರ್ ಎಳೆಯಬೇಕಿತ್ತೆಂದು ವಿಸ್ಡನ್ ಅಲೆಗಳನ್ನು ನೋಡುತ್ತ ಹಾಸ್ಯ ಮಾಡಿದನಂತೆ. ಆಡಿದ ಐದೂ ಪಂದ್ಯಗಳಲ್ಲಿ ಪ್ರವಾಸಿಗಳು ಗೆದ್ದರು.

ಆ ಹಡಗಿನಲ್ಲಿ ಫ್ರೆಡ್ ಲಿಲ್ಲಿವೈಟ್ ಕೂಡ ಇದ್ದ, ಸ್ಕೋರ್ ಮುದ್ರಿಸುವ ತನ್ನ ಡೇರೆ ಮತ್ತು ಯಂತ್ರದ ಸಮೇತ. 1855ರಲ್ಲಿ ಲಂಡನ್ನಿನ ಕವೆಂಟ್ರಿ ಬೀದಿಯಲ್ಲಿ ಕ್ರಿಕೆಟ್ ಸಾಮಗ್ರಿ ಹಾಗೂ ಚುಟ್ಟಾಗಳ ಅಂಗಡಿಯನ್ನು ಇವರಿಬ್ಬರೂ ಪಾಲುದಾರಿಕೆಯಲ್ಲಿ ತೆರೆದಿದ್ದರು. 1858ರಲ್ಲಿ ಆ ಪಾಲುದಾರಿಕೆ ಮುರಿದುಬಿದ್ದಿತ್ತು. ಕ್ರಿಕೆಟ್ ಕೈಪಿಡಿಯ ಮಾರುಕಟ್ಟೆ ಆಗ ಲಿಲ್ಲಿವೈಟನದು. ಸಂಧಿವಾತ 1863ರಲ್ಲಿ ವಿಸ್ಡನ್‌ನನ್ನು ಮೈದಾನದಿಂದ ಹೊರಗಟ್ಟಿತು. ಪ್ರಥಮ ದರ್ಜೆಯಲ್ಲಿ 187 ಪಂದ್ಯ, 1109 ವಿಕೆಟ್, ಮುಂದೆ ಅಂಗಡಿಯೊಂದೇ ಆಸರೆ. ಮರುವರ್ಷ ಹಳೆಯ ಪಾಲುದಾರನಿಗೆ ಸೆಡ್ಡು ಹೊಡೆದು ತಾನೂ ಒಂದು ಪಂಚಾಂಗ ತಂದ.

112 ಪುಟ, ಬೆಲೆ ಒಂದು ಷಿಲಿಂಗ್. 1864ರ ಆ ಮೊದಲ ಸಂಚಿಕೆಯನ್ನು ಇಂದು ತಿರುವಿದರೆ ನಗು ಬರುತ್ತದೆ. ಸ್ಕೋರ್‌ಪಟ್ಟಿಗಳ ನಡುವೆ ಕುದುರೆ ಜೂಜಿನ ವಿಜೇತರು, ಕಾಲುವೆಗಳ ಉದ್ದ, ಮೊದಲನೆಯ ಚಾರ್ಲ್ಸ್ ದೊರೆಯ ವಿಚಾರಣೆಯ ವಿವರ! ಪುಟ ತುಂಬಿಸುವ ಅವಸರವಲ್ಲದೆ ಇದಕ್ಕೆ ಬೇರೆ ಕಾರಣ ತೋರದು. ಪಂದ್ಯಗಳ ಬಗ್ಗೆ ಅಭಿಪ್ರಾಯ ಹೇಳುವ ಗೋಜಿಗೂ ಹೋಗಿರಲಿಲ್ಲ. ತೀರ್ಮಾನ ಓದುಗನಿಗೇ ಬಿಟ್ಟದ್ದು. ಆದರೂ ವರ್ಷ ತಪ್ಪದೆ ದಾಖಲೆ ಕೂಡಿಹಾಕುವ ಆ ಹಟ ಫಲ ಕೊಟ್ಟಿತು. ನಿನ್ನೆ ಆಡಿ ಮುಗಿದ ಆಟವನ್ನು ಹತ್ತು ವರ್ಷದ ನಂತರವೂ ಅಂಕಿಗಳಲ್ಲಿ ಮತ್ತೆ ಕಾಣಬಹುದೆಂಬ ರುಚಿ ಓದುಗರಿಗೆ ಹತ್ತಿತು.

ಕ್ಯಾನ್ಸರ್ ಪೀಡಿತನಾಗಿ ವಿಸ್ಡನ್ 1884ರ ಏಪ್ರಿಲ್ 5ರಂದು ತನ್ನ ಅಂಗಡಿಯ ಮೇಲಂತಸ್ತಿನಲ್ಲೇ ಕೊನೆಯುಸಿರೆಳೆದ. ವಯಸ್ಸು 57. ಪುಸ್ತಕವೂ ಅವನೊಡನೆ ಹೋಗಿಬಿಡುವ ಲಕ್ಷಣಗಳಿದ್ದವು. 1886ರ ಸಂಚಿಕೆ ಬಹಳ ತಡವಾಗಿ ಬಂತು. ಅಂಗಡಿಯನ್ನು ಕೊಂಡ ಹೆನ್ರಿ ಲಫ್ ಎಂಬಾತ ಸಂಪಾದಕತ್ವವನ್ನು ಪತ್ರಕರ್ತ ಚಾರ್ಲ್ಸ್ ಪಾರ್ಡನ್‌ಗೆ ವಹಿಸಿದ್ದರಿಂದ ಅದು ಉಳಿಯಿತು. 1889ರಲ್ಲಿ ಆರು ಶ್ರೇಷ್ಠ ಬೌಲರುಗಳ ಭಾವಚಿತ್ರ ಅಚ್ಚಾಯಿತು; ವರ್ಷದ ಕ್ರಿಕೆಟಿಗರ ಆಯ್ಕೆಗೆ ಅದೇ ಮೂಲ. 1891ರಿಂದ 1925ರವರೆಗೆ ಸಂಪಾದಕನಾಗಿದ್ದ ಸಿಡ್ನಿ ಪಾರ್ಡನ್, ಚೆಂಡೆಸೆಯುವ ಬೌಲರುಗಳ ವಿರುದ್ಧ ಬರೆದು ಬರೆದು, ಅಭಿಪ್ರಾಯವೇ ಇಲ್ಲದೆ ಹುಟ್ಟಿದ ಪುಸ್ತಕವನ್ನು ಆಟದ ನ್ಯಾಯಪೀಠವನ್ನಾಗಿಸಿದ. ಎರಡು ಮಹಾಯುದ್ಧಗಳಲ್ಲೂ ಅದು ನಿಲ್ಲಲಿಲ್ಲ. ಹಳದಿ ಬಟ್ಟೆಯ ಹೊದಿಕೆ, ಅದರ ಮೇಲೆ ಎರಿಕ್ ರವೀಲಿಯಸ್ ಕೆತ್ತಿದ ಎತ್ತರದ ಟೋಪಿಯ ಆಟಗಾರರ ಚಿತ್ರ ಬಂದದ್ದು 1938ರಲ್ಲಿ.

ವರ್ಷದ ಕ್ರಿಕೆಟಿಗರ ಪಟ್ಟಿಯಲ್ಲಿ ಕರ್ನಾಟಕದ ಬಿ.ಎಸ್. ಚಂದ್ರಶೇಖರ್ 1972ರಲ್ಲಿ, ಕುಂಬ್ಳೆ 1996ರಲ್ಲಿ, ರಾಹುಲ್ ದ್ರಾವಿಡ್ 2000ದಲ್ಲಿ ಸೇರಿದರು. ಸಾಮಾನ್ಯವಾಗಿ ಐವರಿಗೆ ಸಲ್ಲುವ ಆ ಗೌರವವನ್ನು 1913ರ ಐವತ್ತನೆಯ ಸಂಚಿಕೆಯಲ್ಲಿ ಒಬ್ಬನಿಗೆ ಮಾತ್ರ ಮೀಸಲಿಡಲಾಗಿತ್ತು. ತೀರಿಕೊಂಡು 29 ವರ್ಷಗಳಾಗಿದ್ದ ಜಾನ್ ವಿಸ್ಡನ್‌ಗೆ.