ಅಲರ್ಜಿಗೆ ಹೆಸರಿಟ್ಟ ಮಕ್ಕಳ ವೈದ್ಯ ಕ್ಲೆಮೆನ್ಸ್ ಪಿರ್ಕೆ

ಅರಸೀಕೆರೆಯ ಬಯಲಿನಲ್ಲಿ ರಾಗಿ ಒಕ್ಕಣೆಯ ಧೂಳು ಏಳುವ ದಿನಗಳಲ್ಲಿ, ಬೇಲೂರು-ಹಳೇಬೀಡಿನ ಸೀಮೆಯಲ್ಲಿ ಮಂಜು ಕವಿದ ಬೆಳಗುಗಳಲ್ಲಿ, ಮಕ್ಕಳನ್ನು ಎತ್ತಿಕೊಂಡು ವೈದ್ಯರ ಬಳಿಗೆ ಬರುವ ತಾಯಂದಿರ ದೂರು ಬಹುತೇಕ ಒಂದೇ: ರಾತ್ರಿಯಿಡೀ ಬಿಡದ ಕೆಮ್ಮು, ಸುಂಯ್‌ಗುಟ್ಟುವ ಉಸಿರು. ಅವರು ಹಿಂದಿರುಗುವಾಗ ಕೇಳಿಸಿಕೊಂಡು ಹೋಗುವ ಹೆಸರು ಸಾಮಾನ್ಯವಾಗಿ ಎರಡರಲ್ಲೊಂದು. ಅಲರ್ಜಿ, ಇಲ್ಲವೇ ಪ್ರೈಮರಿ ಕಾಂಪ್ಲೆಕ್ಸ್, ಅರ್ಥಾತ್ ಮಕ್ಕಳ ಕ್ಷಯ. ಮೊದಲನೆಯ ಪದವನ್ನು ಸೃಷ್ಟಿಸಿದವರೂ, ಕ್ಷಯದ ಸೋಂಕನ್ನು ಚರ್ಮದ ಮೇಲೆ ಕಂಡುಹಿಡಿಯುವ ಪರೀಕ್ಷೆಯನ್ನು ರೂಪಿಸಿದವರೂ ಒಬ್ಬರೇ ಎಂಬುದು ಅನೇಕರಿಗೆ ತಿಳಿದಿರಲಾರದು. ಅವರೇ ಆಸ್ಟ್ರಿಯಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಪಿರ್ಕೆ.

ಪಿರ್ಕೆ ಜನಿಸಿದ್ದು 1874ರ ಮೇ 12ರಂದು, ವಿಯೆನ್ನಾ ನಗರದ ಸಮೀಪದ ಹಿರ್ಷ್‌ಸ್ಟೆಟೆನ್‌ನಲ್ಲಿ. ಬ್ಯಾರನ್ ಪದವಿಯ ಸಿರಿವಂತ ಮನೆತನ. ಇನ್ಸ್‌ಬ್ರುಕ್‌ನಲ್ಲಿ ಧರ್ಮಶಾಸ್ತ್ರವನ್ನೂ ಲೂವೆನ್‌ನಲ್ಲಿ ತತ್ತ್ವಶಾಸ್ತ್ರವನ್ನೂ ಓದಿದ ತರುಣ, ಅವೆರಡನ್ನೂ ಬದಿಗಿರಿಸಿ ವೈದ್ಯಶಾಸ್ತ್ರದತ್ತ ಹೊರಳಿದರು. 1900ರಲ್ಲಿ ಗ್ರಾಟ್ಸ್ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ವಿಯೆನ್ನಾದ ಸೇಂಟ್ ಆನ್ನಾ ಮಕ್ಕಳ ಆಸ್ಪತ್ರೆಯಲ್ಲಿ ಥಿಯೊಡೋರ್ ಎಷೆರಿಖ್ ಅವರ ಕೈಕೆಳಗೆ ಸೇರಿದರು.

ಗಂಟಲಮಾರಿಗೆ ಕುದುರೆಯ ರಕ್ತದಿಂದ ತೆಗೆದ ಸೀರಮ್ಮನ್ನು ಚುಚ್ಚುಮದ್ದಾಗಿ ಕೊಡುತ್ತಿದ್ದ ಕಾಲವದು. ಮದ್ದು ಅನೇಕ ಮಕ್ಕಳ ಪ್ರಾಣ ಉಳಿಸುತ್ತಿತ್ತು. ಆದರೆ ಕೆಲವರಿಗೆ ಎಂಟು-ಹತ್ತು ದಿನಗಳ ಬಳಿಕ ಜ್ವರ, ಮೈಮೇಲೆ ದದ್ದು, ಕೀಲುನೋವು ಕಾಣಿಸಿಕೊಳ್ಳುತ್ತಿದ್ದವು. ಅದನ್ನು ಸೀರಮ್ಮಿನ ವಿಷವೆಂದು ಕೈತೊಳೆದುಕೊಳ್ಳುವುದು ಸುಲಭವಾಗಿತ್ತು. ಪಿರ್ಕೆ ಹಾಗೂ ಅವರ ಹಂಗೇರಿಯ ಸಹೋದ್ಯೋಗಿ ಬೇಲಾ ಷಿಕ್ ಮಾತ್ರ ದಿನಗಳನ್ನು ಎಣಿಸಿದರು. ಮೊದಲ ಸಲ ಎಂಟು-ಹತ್ತು ದಿನ ಕಾಯಿಸಿದ ಬಾಧೆ, ಅದೇ ಮಗುವಿಗೆ ಎರಡನೆಯ ಸಲ ಸೀರಮ್ ಕೊಟ್ಟಾಗ ಒಡನೆಯೇ ಏಳುತ್ತಿತ್ತು. ಸೀರಮ್ ಅದೇ, ಮಗುವೂ ಅದೇ. ಬದಲಾದದ್ದು ಮಗುವಿನ ದೇಹ ಸ್ಪಂದಿಸುವ ಬಗೆ. ರೋಗಕ್ಕೆ ಹೊರಗಿನ ವಸ್ತುವಿನಷ್ಟೇ ದೇಹದ ಪ್ರತಿಕ್ರಿಯೆಯೂ ಹೊಣೆ ಎಂಬ ಈ ಅರಿವು ಅಂದಿನ ವೈದ್ಯಲೋಕಕ್ಕೆ ಹೊಸದು. 1905ರಲ್ಲಿ ಇಬ್ಬರೂ ಸೇರಿ ಸೀರಮ್ ಬೇನೆಯ ಕುರಿತ ಗ್ರಂಥವನ್ನು ಹೊರತಂದರು. ಮರುವರ್ಷ, 1906ರಲ್ಲಿ, ಬೇರೆ ಮತ್ತು ಕ್ರಿಯೆ ಎಂಬರ್ಥದ ಎರಡು ಗ್ರೀಕ್ ಪದಗಳನ್ನು ಕೂಡಿಸಿ ಪಿರ್ಕೆ ಅಲರ್ಜಿ ಎಂಬ ಶಬ್ದವನ್ನು ರಚಿಸಿದರು.

ಅವರ ಮನಸ್ಸಿನಲ್ಲಿದ್ದ ಅರ್ಥ ಇಂದಿನದಕ್ಕಿಂತ ವಿಶಾಲವಾದುದು. ಕಾಪಾಡುವ ಬದಲಾವಣೆಯೂ ಕಾಡುವ ಬದಲಾವಣೆಯೂ ಅದರೊಳಗಿದ್ದವು. ಕಾಲಕ್ರಮೇಣ ಕಾಡುವ ಅರ್ಥವೊಂದೇ ಉಳಿಯಿತು. ನಮ್ಮಲ್ಲಂತೂ ಕಾರಣ ತಿಳಿಯದ ತುರಿಕೆಗೆಲ್ಲ ಅದೇ ಹೆಸರು!

1907ರಲ್ಲಿ ಅವರು ಇದೇ ತರ್ಕವನ್ನು ಕ್ಷಯಕ್ಕೆ ಅನ್ವಯಿಸಿದರು. ರಾಬರ್ಟ್ ಕಾಕ್ 1890ರಲ್ಲಿ ಪ್ರಕಟಿಸಿದ ಟ್ಯೂಬರ್ಕುಲಿನ್ ಔಷಧವಾಗಿ ಸೋತಿತ್ತು. ಪಿರ್ಕೆ ಅದರ ಹನಿಯಿಟ್ಟು ಮಗುವಿನ ಚರ್ಮವನ್ನು ಲಘುವಾಗಿ ಗೀರಿದರು. ದೇಹಕ್ಕೆ ಕ್ಷಯಾಣುವಿನ ಪರಿಚಯ ಮೊದಲೇ ಆಗಿದ್ದರೆ ಅಲ್ಲಿ ಕೆಂಪು ಗಂಟು ಏಳುತ್ತಿತ್ತು. ಆರೋಗ್ಯವಾಗಿ ಕಾಣುತ್ತಿದ್ದ ಅನೇಕ ಮಕ್ಕಳಲ್ಲೂ ಅದು ಎದ್ದಿತು. ಸೋಂಕು ತಗುಲುವುದು ಬೇರೆ, ರೋಗ ಬರುವುದು ಬೇರೆ ಎಂಬ ಭೇದ ಹೀಗೆ ಕಣ್ಣಿಗೆ ಬಿತ್ತು. 1908ರಲ್ಲಿ ಫ್ರಾನ್ಸಿನ ಷಾರ್ಲ್ ಮಾಂಟೂ ಇದನ್ನು ಸೂಜಿಯ ಪರೀಕ್ಷೆಯಾಗಿ ಸುಧಾರಿಸಿದರು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960-61ರಲ್ಲಿ ಅರಸೀಕೆರೆಯ ನೆರೆಯ ತುಮಕೂರು ಜಿಲ್ಲೆಯಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಹಳ್ಳಿಹಳ್ಳಿಯ ಜನರ ತೋಳಿಗೆ ಚುಚ್ಚಿದ್ದು ಈ ಪರೀಕ್ಷೆಯನ್ನೇ.

ಪಿರ್ಕೆ ತೋರಿದ ಆ ಭೇದವನ್ನು ಮರೆತಾಗ ಪೆಟ್ಟು ಬೀಳುವುದು ಮಗುವಿಗೆ. ತೋಳಿನ ಗಂಟೊಂದನ್ನೇ ನಂಬಿ, ಉಬ್ಬಸದ ಮಗುವಿಗೆ ಆರು ತಿಂಗಳು ಕ್ಷಯದ ಮಾತ್ರೆ ನುಂಗಿಸಿದ ನಿದರ್ಶನಗಳು ನಮ್ಮ ದೇಶದಲ್ಲಿ ವಿರಳವೇನಲ್ಲ. ಬಿಸಿಜಿ ಲಸಿಕೆಯಿಂದಲೂ ಗಂಟು ಏಳಬಹುದು. ಕೆಮ್ಮು ರಾತ್ರಿ ಉಲ್ಬಣಿಸುವುದು, ಋತು ಬದಲಾದಂತೆ ಮರುಕಳಿಸುವುದು, ಒಲೆಯ ಹೊಗೆಗೋ ಧೂಳಿಗೋ ಕೆರಳುವುದು, ಮನೆತನದಲ್ಲಿ ದಮ್ಮು ಇರುವುದು, ಶ್ವಾಸನಾಳ ಹಿಗ್ಗಿಸುವ ಇನ್ಹೇಲರ್‌ನಿಂದ ಉಸಿರು ಸಲೀಸಾಗುವುದು: ಇವು ಉಬ್ಬಸದ ಲಕ್ಷಣಗಳು. ಎರಡು ವಾರ ಮೀರಿದ ಜ್ವರ ಅಥವಾ ಕೆಮ್ಮು, ಇಳಿಯುವ ತೂಕ, ಮನೆಯಲ್ಲೇ ಕ್ಷಯರೋಗಿಯಿರುವುದು ಬೇರೆ ದಾರಿಯನ್ನು ತೋರುತ್ತವೆ. ಆಗ ಎಕ್ಸ್-ರೇ, ಕಫದ ಪರೀಕ್ಷೆ ಅಗತ್ಯ; ಕಫ ಉಗುಳಲಾರದ ಎಳೆಯರಿಗೆ ಜಠರದ ದ್ರವವನ್ನು ತೆಗೆದು ಪರೀಕ್ಷಿಸುವುದುಂಟು. ಇನ್ಹೇಲರ್ ಚಟವಾಗುತ್ತದೆಂಬ ಭಯ ನಮ್ಮ ಊರುಗಳಲ್ಲಿ ಇನ್ನೂ ಇದೆ. ಅದಕ್ಕೆ ಆಧಾರವಿಲ್ಲ, ಸ್ಪೇಸರ್ ಜೋಡಿಸಿದರೆ ಹಸುಗೂಸಿಗೂ ಕೊಡಬಹುದು.

ಪಿರ್ಕೆಯವರ ಕೀರ್ತಿ ಬೇಗ ಹರಡಿತು. 1909ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಪ್ರಾಧ್ಯಾಪಕ, ಮರುವರ್ಷ ಬ್ರೆಸ್ಲಾವ್, 1911ರಲ್ಲಿ ಎಷೆರಿಖ್ ಅವರ ಉತ್ತರಾಧಿಕಾರಿಯಾಗಿ ಮತ್ತೆ ವಿಯೆನ್ನಾ. ಮೊದಲ ಮಹಾಯುದ್ಧದ ತರುವಾಯ ಆ ನಗರದ ಮಕ್ಕಳು ಹಸಿವಿನಿಂದ ಸೊರಗಿದಾಗ, ಅಮೆರಿಕದ ನೆರವಿನಿಂದ ನಡೆದ ಬೃಹತ್ ಊಟದ ಯೋಜನೆಯ ಹೊಣೆ ಹೊತ್ತರು. ಒಂದು ಗ್ರಾಂ ಹಾಲಿನ ಪೋಷಣಾಶಕ್ತಿಯನ್ನು ಅಳತೆಗೋಲಾಗಿಟ್ಟು, ಯಾವ ಮಗುವಿಗೆ ಎಷ್ಟು ಆಹಾರ ಬೇಕೆಂದು ಲೆಕ್ಕ ಹಾಕಿದರು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಹಲವು ಬಾರಿ ಸೂಚಿತವಾದರೂ ಅದು ಲಭಿಸಲಿಲ್ಲ.

1929ರ ಫೆಬ್ರವರಿ 28ರಂದು ಪಿರ್ಕೆ ತಮ್ಮ ಪತ್ನಿ ಮರಿಯಾ ಅವರೊಡನೆ ಆತ್ಮಹತ್ಯೆ ಮಾಡಿಕೊಂಡರು. ವಯಸ್ಸು 54. ಅವರು ಗುರುತಿಸಲು ಕಲಿಸಿದ ಎರಡು ಬಾಧೆಗಳಿಗೂ ಆಗಿನ್ನೂ ಸಮರ್ಪಕ ಮದ್ದು ಇರಲಿಲ್ಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಒತ್ತಿದರೆ ನಿಗದಿತ ಪ್ರಮಾಣ ಹೊಮ್ಮಿಸುವ ಇನ್ಹೇಲರ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ.